ಕತ್ತಿ ಕೈಕೊಟ್ಟರೆ ಚೀಲದಲ್ಲಿ ಏನಿರಬೇಕು?

ದೇವದುರ್ಗ, ಮಾನ್ವಿ ಕಡೆ ಫೆನ್ಸಿಂಗ್ ಅಂದ್ರೆ ಹೊಲದ ತಂತಿಬೇಲಿನೇ ನೆನಪಾಗೋದು. ಇದು ಆ ಬೇಲಿ ಕಥೆ ಅಲ್ಲ ನೋಡ್ರಿ, ಕತ್ತಿವರಸೆ ಆಟದ್ದು. ಹಾಗಂತ ಕತ್ತಿ ನಮ್ಮ ನೆಲಕ್ಕೆ ಹೊಸದೇನಲ್ಲ.

ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ನಡುವೆ ರಾಯಚೂರು ಕೋಟೆ. ಅದಕ್ಕಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧವಾಯಿತು. ಅದರ ವಿವರ ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಅವನ ಬರಹದಲ್ಲಿ ಕಾದಾಟಕ್ಕಿಂತ ತಯಾರಿಯ ಭಾಗವೇ ನನಗೆ ಇಷ್ಟ. ಚರ್ಮದ ಚೀಲದಲ್ಲಿ ನೀರು ಹೊತ್ತವರೇ 12,000 ಮಂದಿ! ಪಾಳೆಯದೊಳಗೇ ಬಜಾರು, ಅಲ್ಲಿ ಕೆಲಸಕ್ಕೆ ಕೂತ ಕುಶಲಕರ್ಮಿಗಳು. ಆನೆಗಳ ದಂತಕ್ಕೆ ಚೆನ್ನಾಗಿ ಮಸೆದ ಕತ್ತಿ ಕಟ್ಟಿದ್ದರಂತೆ. ಸಾಣೆ ಹಿಡಿಯೋರು ಜೊತೆಗಿಲ್ಲದೆ ಅದು ಹೇಗಾದೀತು, ನೀವೇ ಹೇಳಿ.

ಇವತ್ತಿನ ಆಟಗಾರರ ಬೆನ್ನಿಗೆ ಬಜಾರು ಬರಲ್ಲ, ಒಂದು ಡಬ್ಬಿ ಬರುತ್ತೆ. ಅದರೊಳಗಿನ ಒಂದೊಂದು ಸಾಮಾನಿಗೂ ಒಂದೊಂದು ಇಸವಿ ಇದೆ.

1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಎಪೀ ಕತ್ತಿಗೆ ಕರೆಂಟು ಬಂತು. ತುದಿ ಒತ್ತಿದರೆ ದೀಪ ಹತ್ತಬೇಕು. ಅಲ್ಲಿಂದ ಸ್ಪ್ರಿಂಗ್, ಕೂದಲೆಳೆಯಂಥ ತಂತಿ, ಸಾಸಿವೆಗಿಂತ ಚಿಕ್ಕ ಸ್ಕ್ರೂ ಡಬ್ಬಿ ಸೇರಿದವು. ಅಲೆನ್ ಕೀ ಮಾನ್ವಿಯ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಕ್ಕೀತು, ಈ ಸ್ಕ್ರೂ ಸಿಗಲ್ಲ. ಹತ್ತು ಹೆಚ್ಚೇ ಇಟ್ಕೊಳ್ಳಿ. ಆಟಕ್ಕೆ ಮುಂಚೆ ತುದಿಯ ಮೇಲೆ 750 ಗ್ರಾಂ ತೂಕ ಇಟ್ಟು ನೋಡ್ತಾರೆ, ಸ್ಪ್ರಿಂಗ್ ಅದನ್ನ ಎತ್ತಲೇಬೇಕು. ಫಾಯಿಲ್‌ಗೆ 500 ಗ್ರಾಂ. ಆ ತೂಕದ ಬಟ್ಟೂ ನಿಮ್ಮ ಹತ್ರ ಇರಲಿ. ಕತ್ತಿ ಎರಡು, ಬಾಡಿ ಕಾರ್ಡ್ ಎರಡು ಕಡ್ಡಾಯ. ಇಲ್ಲದಿದ್ರೆ ಆಟ ಶುರುವಾಗೋ ಮೊದಲೇ ಹಳದಿ ಕಾರ್ಡು. (2021ರಲ್ಲಿ ಟೋಕಿಯೊದಲ್ಲಿ ಆಡಿದ ಭವಾನಿ ದೇವಿ, ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಫೆನ್ಸರ್, ಆಡೋದು ಸೇಬರ್. ಅದಕ್ಕೆ ತುದಿ ಸ್ಪ್ರಿಂಗೇ ಇಲ್ಲ, ಡಬ್ಬಿ ಹಗುರ!)

ಆದರೆ ಡಬ್ಬಿಯಿಂದ ರಿಪೇರಿ ಆಗದ್ದು ಒಂದಿದೆ: ಅಲಗು.

1982, ರೋಮ್, ವಿಶ್ವ ಚಾಂಪಿಯನ್‌ಷಿಪ್. 1980ರ ಒಲಿಂಪಿಕ್ ಚಿನ್ನ ಗೆದ್ದಿದ್ದ ಸೋವಿಯತ್ ಆಟಗಾರ ವ್ಲಾದಿಮಿರ್ ಸ್ಮಿರ್ನೋವ್. ಎದುರಾಳಿ ಪಶ್ಚಿಮ ಜರ್ಮನಿಯ ಮಥಿಯಾಸ್ ಬೆಹ್ರ್. ಬೆಹ್ರ್ ಅವರ ಫಾಯಿಲ್ ಆಟದ ನಡುವೆಯೇ ಮುರಿಯಿತು, ಮುರಿದ ಚೂಪು ಸ್ಮಿರ್ನೋವ್ ಮುಖವಾಡದ ಜಾಲರಿ ಸೀಳಿ ಒಳಗೆ ಹೋಯಿತು. ಕೆಲವು ದಿನಗಳಲ್ಲಿ ಸ್ಮಿರ್ನೋವ್ ತೀರಿಕೊಂಡರು. ಇಬ್ಬರದ್ದೂ ತಪ್ಪಿರಲಿಲ್ಲ. ಆಮೇಲೆ ಮುಖವಾಡದ ಜಾಲರಿ ಗಟ್ಟಿಯಾಯಿತು, ಅಂಗಿಯ ಬಟ್ಟೆ ಬದಲಾಯಿತು, ಸುಲಭಕ್ಕೆ ಬಿರುಕು ಬಿಡದ ಮ್ಯಾರೇಜಿಂಗ್ ಉಕ್ಕಿನ ಅಲಗು ಬಂತು.

ಅದಕ್ಕೇ, ಬಿರುಕು ಕಂಡ ಅಲಗಿಗೆ ವೆಲ್ಡಿಂಗ್ ಮಾಡ್ಸಿದ್ರಾಯ್ತು ಅನ್ನಬೇಡಿ. ಸ್ವಲ್ಪ ಬಾಗಿದ್ರೆ ಕಾಲಡಿ ಇಟ್ಟು ನಿಧಾನಕ್ಕೆ ಸರಿ ಮಾಡಬಹುದು. ಬಿರುಕಿದ್ದರೆ ಬೇರೆ ಕತ್ತಿ ತೆಗೀರಿ. ಮುರಿದ ತುದಿಗೆ ದಪ್ಪಗೆ ಟೇಪ್ ಸುತ್ತಿ ಚೀಲಕ್ಕೆ ಹಾಕಿ, ರಾತ್ರಿ ಬಸ್ಸಲ್ಲಿ ಕತ್ತಲಲ್ಲಿ ಟವೆಲ್ ಹುಡುಕೋ ಕೈ ನಿಮ್ಮದೇ ಅಲ್ವಾ.

#ರಾಯಚೂರು #ದೇವದುರ್ಗ #ಮಾನ್ವಿ #ಕತ್ತಿವರಸೆ