ಮಳೆಗೆ ಲೆಕ್ಕ ಕಟ್ಟಿದ ಮೈಸೂರಿನ ಚಕ್ರವರ್ತಿ

ಬೆಳೆ ವಿಮೆ ಅಂದರೆ ನಮ್ಮೂರುಗಳಲ್ಲಿ ಮೂರೇ ಪ್ರಶ್ನೆ: ಕಂತು ಎಷ್ಟು? ಕೊನೇ ದಿನ ಯಾವತ್ತು? ದುಡ್ಡು ಬಂತಾ ಇಲ್ವಾ? ಆದರೆ ಕಂತು ಇಷ್ಟೇ, ಪರಿಹಾರ ಇಷ್ಟೇ ಎಂದು ಯಾರೋ ಎಲ್ಲೋ ಕೂತು ಲೆಕ್ಕ ಹಾಕಿರುತ್ತಾರೆ. ಆ ಲೆಕ್ಕ ಕಾಲೇಜಿನ ಪಾಠವಾಗಿ ನೂರಿಪ್ಪತ್ತು ವರ್ಷಕ್ಕೂ ಹೆಚ್ಚಾಯಿತು. ಆ ಇತಿಹಾಸದಲ್ಲಿ ನಮ್ಮ ಹಳೇ ಮೈಸೂರಿಗೂ ಪಾಲಿದೆ.

ಅಂಥದ್ದೊಂದು ಪಾಠ ಶುರುವಾಗಿದ್ದು ಅಮೆರಿಕದಲ್ಲಿ. ವಿಸ್ಕಾನ್ಸಿನ್ ರಾಜ್ಯದ ರೈತ ಕುಟುಂಬದಲ್ಲಿ ಹುಟ್ಟಿದ ಸಾಲೊಮನ್ ಹ್ಯೂಬ್ನರ್, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಶಾಲೆಗೆ ಹೆಚ್ಚಿನ ಓದಿಗೆ ಬಂದಿದ್ದರು. 1904ರಲ್ಲಿ ಅವರು ಅಲ್ಲಿ ವಿಮೆಯ ಬಗ್ಗೆ ಪಾಠ ಆರಂಭಿಸಿದರು. ಆಗ ವಿಮೆ ಎಂದರೆ ಬಹುಮಟ್ಟಿಗೆ ಕಂಪನಿಗೆ ಸೇರಿ ಕಲಿಯುವ ಕಸುಬು. ವೈದ್ಯ, ವಕೀಲರಂತೆ ಇದಕ್ಕೂ ಓದು ಬೇಕು ಎಂಬುದು ಹ್ಯೂಬ್ನರ್ ಹಟ. 1913ರ ಹೊತ್ತಿಗೆ ವಾರ್ಟನ್‌ನಲ್ಲಿ ವಿಮೆಗೇ ಪ್ರತ್ಯೇಕ ವಿಭಾಗ ಬಂತು.

ಏನಿದೆ ಅಂಥ ಓದು? ಒಂದು ಲೆಕ್ಕ ನೋಡಿ. ಐದು ವರ್ಷಕ್ಕೆ ಒಮ್ಮೆ ಮಳೆ ಕೈಕೊಡುವ ಊರು ಇದೆ ಎಂದುಕೊಳ್ಳಿ. ಕೈಕೊಟ್ಟ ವರ್ಷ ರೈತನಿಗೆ 1,000 ರೂಪಾಯಿ ಕೊಡಬೇಕಾದರೆ, ವರ್ಷಕ್ಕೆ ಕನಿಷ್ಠ 200 ರೂಪಾಯಿ ಕೂಡಿಡಬೇಕು. ಕಚೇರಿ ಖರ್ಚು ಬೇರೆ. ಸತತ ಎರಡು ವರ್ಷ ಬರ ಬಂದರೆ? ಪಕ್ಕದ ಜಿಲ್ಲೆಗೂ ಅದೇ ವರ್ಷ ಬಂದರೆ? ಇಲ್ಲಿಂದಲೇ ವಿಮೆ ಮತ್ತು ಅಪಾಯ ನಿರ್ವಹಣೆಯ ಓದು ಶುರುವಾಗುತ್ತದೆ.

ಈಗ ಮೈಸೂರಿಗೆ ಬರೋಣ. ಸರ್ಕಾರಿ ನೌಕರರ ಜೀವವಿಮೆ ಇಲ್ಲಿ 1891ರಲ್ಲೇ ಶುರುವಾಗಿತ್ತು; ಇಂದಿನ ಕೆಜಿಐಡಿಯ ಮೂಲ ಅದೇ. ಸಂಬಳದವರಿಗೆ ಭದ್ರತೆ ಸಿಕ್ಕಿತು. ಮಳೆ ನಂಬಿದವರಿಗೆ? ಈ ಪ್ರಶ್ನೆ ಕೈಗೆತ್ತಿಕೊಂಡವರು ಮೈಸೂರು ಸರ್ಕಾರದ ಅಧಿಕಾರಿ ಜೆ.ಎಸ್. ಚಕ್ರವರ್ತಿ. 1920ರಲ್ಲಿ ಅವರು ಕೃಷಿ ವಿಮೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ತಂದರು.

ಅವರ ಯೋಚನೆ ಸರಳ. ಒಬ್ಬೊಬ್ಬರ ಹೊಲಕ್ಕೂ ಹೋಗಿ ನಷ್ಟ ಅಳೆಯಲು ಹೊರಟರೆ ಖರ್ಚು ತಡೆಯುವುದಿಲ್ಲ. ಬೆಳೆ ಹೋಗಿದ್ದು ಮಳೆ ಇಲ್ಲದೆಯೋ, ಗೊಬ್ಬರ ಹಾಕದೆಯೋ ಎಂಬ ಜಗಳವೂ ಮುಗಿಯುವುದಿಲ್ಲ. ಅದಕ್ಕೆ ಬದಲು ಮಳೆಮಾಪಕ ನೋಡಿ. ಒಂದು ಪ್ರದೇಶದಲ್ಲಿ ಗೊತ್ತುಮಾಡಿದ ಮಟ್ಟಕ್ಕಿಂತ ಕಡಿಮೆ ಮಳೆಯಾದರೆ ಅಲ್ಲಿ ವಿಮೆ ಮಾಡಿಸಿದ ಎಲ್ಲರಿಗೂ ಪರಿಹಾರ ಕೊಡಿ. ಕಷ್ಟಪಟ್ಟು ದುಡಿದು ಅಷ್ಟಿಷ್ಟು ಬೆಳೆ ಉಳಿಸಿಕೊಂಡವನಿಗೂ ಆಗ ಮೋಸವಾಗುವುದಿಲ್ಲ.

ಯೋಜನೆ ಜಾರಿಯಾಗಲಿಲ್ಲ. ಪುಸ್ತಕ ಪುಸ್ತಕವಾಗಿಯೇ ಉಳಿಯಿತು.

ಸ್ವಾತಂತ್ರ್ಯ ಬಂದ ಮೇಲೂ ಬೆಳೆ ವಿಮೆ ಬೇಗ ಬರಲಿಲ್ಲ. 1972ರಲ್ಲಿ ಗುಜರಾತಿನ ಹತ್ತಿ ಬೆಳೆಗೆ ಒಬ್ಬೊಬ್ಬ ರೈತನ ಲೆಕ್ಕದಲ್ಲಿ ವಿಮೆ ಮಾಡಿ ನೋಡಿದರು. ಕಟ್ಟಿದ ಕಂತಿಗಿಂತ ಕೊಟ್ಟ ಪರಿಹಾರವೇ ಹೆಚ್ಚಾಯಿತು. ಚಕ್ರವರ್ತಿ ಹೆದರಿದ್ದು ಇದಕ್ಕೇ. 1979ರಲ್ಲಿ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್ ಸಲಹೆಯಂತೆ ಪ್ರದೇಶವಾರು ಇಳುವರಿ ನೋಡಿ ಪರಿಹಾರ ಕೊಡುವ ಪದ್ಧತಿ ಶುರುವಾಯಿತು. 1985ರಲ್ಲಿ ಅದು ದೇಶದ ಯೋಜನೆಯಾಯಿತು. 2007ರ ಮುಂಗಾರಿನಲ್ಲಿ ಸರ್ಕಾರದ ಹವಾಮಾನ ಆಧಾರಿತ ಬೆಳೆ ವಿಮೆ ಯೋಜನೆ ಮೊದಲು ಪ್ರಯೋಗವಾಗಿದ್ದು ಕರ್ನಾಟಕದಲ್ಲೇ. ಪುಸ್ತಕ ಬಂದು ಆಗ 87 ವರ್ಷ!

ವಿಮೆ ಬೆಳೆದಂತೆ ಅದನ್ನು ಕಲಿಸುವ ಸಂಸ್ಥೆಗಳೂ ಬಂದವು. 1956ರಲ್ಲಿ ಎಲ್‌ಐಸಿ ಆಯಿತು, 1973ರಲ್ಲಿ ಸಾಮಾನ್ಯ ವಿಮೆಯೂ ಸರ್ಕಾರದ ಕೈಗೆ ಬಂತು. 1980ರಲ್ಲಿ ರಾಷ್ಟ್ರೀಯ ವಿಮಾ ಅಕಾಡೆಮಿ ಸ್ಥಾಪನೆಯಾಯಿತು. ಪುಣೆಯಲ್ಲಿರುವ ಈ ಸಂಸ್ಥೆ ಈಗ ಪದವೀಧರರಿಗೆ ಎರಡು ವರ್ಷದ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ನಡೆಸುತ್ತದೆ. ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದ ಮೇಲೆ, 2002ರಲ್ಲಿ, ಹೈದರಾಬಾದಿನಲ್ಲಿ ವಿಮೆ ಮತ್ತು ಅಪಾಯ ನಿರ್ವಹಣೆಗೆಂದೇ ಇನ್ನೊಂದು ಸಂಸ್ಥೆ ಬಂತು.

ಇದರಿಂದ ನಮಗೇನು ಅಂತೀರಾ? 2016ರಿಂದ ಇರುವ ಫಸಲ್ ಬಿಮಾ ಯೋಜನೆಯಲ್ಲಿ ಆಹಾರ ಬೆಳೆ, ಎಣ್ಣೆಕಾಳುಗಳಿಗೆ ರೈತ ಕಟ್ಟುವುದು ಮುಂಗಾರಿಗೆ ಹೆಚ್ಚೆಂದರೆ ಶೇ. 2, ಹಿಂಗಾರಿಗೆ ಶೇ. 1.5. ಉಳಿದ ಕಂತನ್ನು ಸರ್ಕಾರಗಳು ಕಟ್ಟುತ್ತವೆ. ಅದೂ ಜನರ ದುಡ್ಡೇ. ಅಡಿಕೆ, ಮೆಣಸಿನ ತೋಟಕ್ಕೆ ಹವಾಮಾನದ ಅಂಕಿಯೇ ಆಧಾರ. ಪಂಚಾಯ್ತಿ ಮಳೆಮಾಪಕದ ಹತ್ತಿರ ಸುರಿದ ಮಳೆ, ಗುಡ್ಡದಾಚೆಯ ನಿಮ್ಮ ತೋಟದಲ್ಲಿ ಸುರಿಯದೇ ಇರಬಹುದು. ಆಗ ಅಂಕಿಯ ಪ್ರಕಾರ ಎಲ್ಲ ಸರಿ, ತೋಟದಲ್ಲಿ ನಷ್ಟ. ಚಕ್ರವರ್ತಿಯ ಪದ್ಧತಿಗೆ ಇರುವ ದೊಡ್ಡ ಕೊರತೆ ಇದೇ. ಮಾಪಕಗಳು ಹತ್ತಿರ ಹತ್ತಿರ ಬಂದಷ್ಟೂ ಈ ಕೊರತೆ ಕಡಿಮೆಯಾಗುತ್ತದೆ.

ಮಾಪಕ ಎಲ್ಲಿರಬೇಕು, ಮಳೆ ಎಷ್ಟು ದಿನ ತಡವಾದರೆ ನಷ್ಟ ಎನ್ನಬೇಕು ಎಂಬುದು ಹೊಲ ಬಲ್ಲವರಿಗೆ ಚೆನ್ನಾಗಿ ಗೊತ್ತು. ಬಿ.ಕಾಂ., ಬಿ.ಎಸ್ಸಿ. ಮುಗಿಸಿ ಮುಂದೇನು ಎಂದು ಕೂತಿರುವ ಮಕ್ಕಳು ನಮ್ಮ ಊರುಗಳಲ್ಲಿ ಎಷ್ಟೋ ಜನ ಇದ್ದಾರೆ. ಅವರಿಗೆ ಇಂಥದ್ದೊಂದು ಓದು ಇದೆ ಎಂಬುದಾದರೂ ತಿಳಿಯಲಿ. ಹೊಲ ಬಲ್ಲವರು ಆ ಲೆಕ್ಕದ ಮೇಜಿನ ಮುಂದೆ ಕೂರುವುದು ಈಗಲೂ ಬಾಕಿ ಇದೆ.