ಚಳಿಜ್ವರದ ಮದ್ದೂ ಅರ್ಬುದದ ಕೋಶವೂ

ಕಾಳೀ ನದಿಯು ಕಡಲನ್ನು ಕೂಡುವೆಡೆಯಲ್ಲಿ ಕಾರವಾರದ ಕೋಡಿಬಾಗವಿರುವದು. ಅಲ್ಲಿಂದ ನದಿಯ ಗುಂಟ ಘಟ್ಟದ ಕಡೆಗೆ ಹೋದಂತೆಲ್ಲ ಕಾಡು ದಟ್ಟವಾಗುವದು. ಆ ಕಾಡಿನ ಹೆಸರಿನೊಡನೆ ಒಂದು ಕಾಲದಲ್ಲಿ ಚಳಿಜ್ವರದ ಭಯವೂ ಸೇರಿಕೊಂಡಿದ್ದಿತು. ೧೯೪೬ನೆಯ ಇಸವಿಯಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮುಂಬಯಿ ಪ್ರಾಂತದವರು ಕಾನಡಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳಲ್ಲಿ ಡಿ.ಡಿ.ಟಿ.ಯನ್ನು ಸಿಂಪಡಿಸಿ ಆ ಪಿಡುಗನ್ನು ಹಿಮ್ಮೆಟ್ಟಿಸತೊಡಗಿದರು. ಅದೇ ಜ್ವರಕ್ಕೆಂದು ೧೯೩೪ರಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಕ್ಲೋರೋಕ್ವಿನ್ ಎಂಬ ಔಷಧವು ಮುಂದೆ ಬೇರೊಂದು ರೋಗದ ಚರಿತ್ರೆಯನ್ನು ಹೊಕ್ಕಿತು. ಆ ರೋಗವೇ ಅರ್ಬುದ, ಎಂದರೆ ಕ್ಯಾನ್ಸರ್.

೧೮೯೫ರಲ್ಲಿ ರೋಂಟ್‌ಜನ್ ಪಂಡಿತನು ಕ್ಷ-ಕಿರಣಗಳನ್ನೂ ೧೮೯೮ರಲ್ಲಿ ಕ್ಯೂರಿ ದಂಪತಿಗಳು ರೇಡಿಯಮ್ಮನ್ನೂ ಕಂಡುಹಿಡಿದ ಬಳಿಕ ಕಿರಣಚಿಕಿತ್ಸೆಯು ಬೆಳೆದುಬಂದಿತು. ೧೯೪೧ನೆಯ ಫೆಬ್ರುವರಿ ೨೮ರಂದು ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯು ತೆರೆಯಿತು. ಕಾರವಾರವು ಆಗ ಅದೇ ಪ್ರಾಂತಕ್ಕೆ ಸೇರಿದ್ದಿತು. ಆದರೆ ಕಿರಣಗಳ ಪ್ರಮಾಣವು ಒಂದೇ ಆದರೂ ಒಬ್ಬರ ಗಂಟು ಕರಗುವದು, ಇನ್ನೊಬ್ಬರದು ಮತ್ತೆ ಚಿಗುರುವದು. ಇದಕ್ಕೆ ಕಾರಣಗಳು ಅನೇಕವಿದ್ದರೂ, ಜೀವಕೋಶದ ಸ್ವಭಕ್ಷಣವು ಅವುಗಳಲ್ಲೊಂದು.

ಬೆಲ್ಜಿಯಮಿನ ಡಿ ಡ್ಯೂವ್ ಎಂಬ ವಿಜ್ಞಾನಿಯು ೧೯೬೩ರಲ್ಲಿ ಈ ಕ್ರಿಯೆಗೆ 'ಆಟೋಫೇಜಿ' ಎಂದು ಹೆಸರಿಟ್ಟನು. ಕೋಶವು ತನ್ನಲ್ಲಿಯ ಸವೆದ ಭಾಗಗಳನ್ನು ಪೊರೆಯ ಚೀಲದಲ್ಲಿ ಸುತ್ತಿ, ಲೈಸೊಸೋಮ್ ಎಂಬ ಆಮ್ಲಯುಕ್ತ ಕೋಶಾಂಗಕ್ಕೆ ಸೇರಿಸಿ ಜೀರ್ಣಿಸುವದು. ದೊರೆತ ಸಾಮಗ್ರಿಯನ್ನು ಮತ್ತೆ ಬಳಸುವದು. ಮಳೆಗಾಲದಲ್ಲಿ ಕಡಲಿಗಿಳಿಯಲಾರದ ಮೀನುಗಾರನು ಹಳೆಯ ಬಲೆಯ ನೂಲನ್ನು ಬಿಚ್ಚಿ ಹರಿದ ಬಲೆಯನ್ನು ಹೆಣೆದುಕೊಳ್ಳುವಂತೆ ಇದು. ಜಪಾನದ ಓಸುಮಿಯವರು ಯೀಸ್ಟಿನಲ್ಲಿ ಇದರ ವಂಶವಾಹಿಗಳನ್ನು ಗುರುತಿಸಿ ೨೦೧೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಕಿರಣದ ಪೆಟ್ಟು ತಿಂದ ಅರ್ಬುದಕೋಶವೂ ಈ ಉಪಾಯದಿಂದಲೇ ಎಷ್ಟೋ ಸಲ ಪ್ರಾಣವನ್ನುಳಿಸಿಕೊಳ್ಳುವದು. ಕ್ಲೋರೋಕ್ವಿನ್ ಲೈಸೊಸೋಮಿನ ಆಮ್ಲತೆಯನ್ನು ಕುಗ್ಗಿಸಿ ಈ ಜೀರ್ಣಕ್ರಿಯೆಯನ್ನು ತಡೆಯುವದು. ಪ್ರಯೋಗಶಾಲೆಯಲ್ಲಿ ಹೀಗೆ ತಡೆದಾಗ ಹಲವು ಬಗೆಯ ಕೋಶಗಳು ಕಿರಣಗಳಿಗೆ ಬೇಗನೆ ಸೋತವು. ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಸ್ವಭಕ್ಷಣವನ್ನು ಪ್ರಚೋದಿಸುವ ಬೆಕ್ಲಿನ್ ಎಂಬ ವಂಶವಾಹಿಯು ಗಂಟಿನ ಬೆಳವಣಿಗೆಯನ್ನೇ ತಡೆಯುವದೆಂದು ಬೆತ್ ಲೆವಿನ್ ಎಂಬ ವಿದುಷಿಯ ತಂಡದವರು ೧೯೯೯ರಲ್ಲಿ ತೋರಿಸಿದರು. ಮಿತಿಮೀರಿದ ಸ್ವಭಕ್ಷಣದಿಂದ ಕೋಶವು ಸಾಯುವದೂ ಉಂಟು. ಕಾಯುವ ಕೈಯೇ ಕೊಲ್ಲುವ ಕೈಯೂ ಆಗುವ ವಿಚಿತ್ರವಿದು.

ಆದುದರಿಂದ ಮನುಷ್ಯರಲ್ಲಿ ನಡೆದ ಪರೀಕ್ಷೆಗಳ ಫಲವು ಅಷ್ಟು ಸರಳವಾಗಿಲ್ಲ. ಮೆದುಳಿನ ಕಠಿಣ ಅರ್ಬುದದಲ್ಲಿ ವಾಡಿಕೆಯ ಚಿಕಿತ್ಸೆಯೊಡನೆ ಕ್ಲೋರೋಕ್ವಿನ್ ಕೊಟ್ಟು ಮೆಕ್ಸಿಕೋದಲ್ಲಿ ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಚಿಕ್ಕ ಪರೀಕ್ಷೆಯು ಆಸೆಯನ್ನು ಹುಟ್ಟಿಸಿತು. ೩೦ ರೋಗಿಗಳ ಆ ಫಲವು ನಿರ್ಣಾಯಕವಾಗಲಿಲ್ಲ. ಅದರ ಸಹೋದರ ಔಷಧದಿಂದ ಅಮೇರಿಕದಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆಯುಷ್ಯವು ಹೆಚ್ಚಿದ್ದು ಕಂಡುಬರಲಿಲ್ಲ. ಪ್ರಮಾಣವನ್ನು ಹೆಚ್ಚಿಸಹೋದರೆ ರಕ್ತಕ್ಕೇ ಕೇಡಾಗುತ್ತಿದ್ದಿತು.

ರೋಗಿಯ ಮನೆಯವರು ಹುಲ್ಲುಕಡ್ಡಿಯನ್ನೂ ಹಿಡಿಯಬಯಸುವದು ಸಹಜ. ಆದರೆ ಚಳಿಜ್ವರದ ಗುಳಿಗೆಯು ಪರಿಚಿತವಾದುದೆಂದ ಮಾತ್ರಕ್ಕೆ ಅರ್ಬುದಕ್ಕೆ ತಾವಾಗಿಯೇ ಕೊಡತಕ್ಕುದಲ್ಲ. ಯಾವ ಗಂಟಿನಲ್ಲಿ ಸ್ವಭಕ್ಷಣವು ಕಾವಲುಗಾರನು, ಯಾವುದರಲ್ಲಿ ಯಮನು ಎಂಬುದನ್ನು ಮೊದಲು ತಿಳಿದು, ಅನಂತರವೇ ಅದನ್ನು ತಡೆಯಬೇಕೋ ಕೆರಳಿಸಬೇಕೋ ಎಂಬುದನ್ನು ನಿಶ್ಚಯಿಸಬೇಕಾಗುವದು.