ಖಾಲಿ ಬಿಟ್ಟ ಕಾಲಂ

1959ರಲ್ಲಿ ಅಮೆರಿಕದ ಹೃದ್ರೋಗ ಪತ್ರಿಕೆಯೊಂದರಲ್ಲಿ ಸಿಂಗಪುರದ ಸಾವಿನ ಲೆಕ್ಕವೊಂದು ಅಚ್ಚಾಯಿತು. 1950ರಿಂದ 1954ರವರೆಗೆ ನಡೆದ 9,568 ಶವಪರೀಕ್ಷೆಗಳ ದಾಖಲೆಗಳನ್ನು ಟಿ. ಜೆ. ದನರಾಜ್ ಮತ್ತು ಸಂಗಡಿಗರು ಪರಿಶೀಲಿಸಿದ್ದರು. ಊರು ಒಂದೇ, ಹವೆ ಒಂದೇ. ಆದರೂ ಹೃದಯದ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆ ಚೀನೀ ಮೂಲದವರಿಗಿಂತ ಭಾರತೀಯ ಮೂಲದವರಲ್ಲಿ ಏಳು ಪಟ್ಟು ಹೆಚ್ಚಾಗಿತ್ತು. ಹೃದಯಾಘಾತವೆಂದರೆ ಉಂಡುಟ್ಟು ಸುಖವಾಗಿರುವ ಪಶ್ಚಿಮದವರ ಕಾಯಿಲೆ ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲವದು.

ಅದೇ ಪ್ರಶ್ನೆ ಮುಂದೆ ಬ್ರಿಟನ್ನಿನಲ್ಲಿ ಎದ್ದಿತು. ಎರಡನೆಯ ಮಹಾಯುದ್ಧದ ನಂತರ ಕಾರ್ಖಾನೆ ಕೆಲಸ ಹುಡುಕಿ ಪಂಜಾಬಿನಿಂದ ಸೌತಾಲ್‌ಗೆ ಬಂದವರು, ಸಿಲ್ಹೆಟ್‌ನಿಂದ ಪೂರ್ವ ಲಂಡನ್ನಿಗೆ ಬಂದವರು, ಪೂರ್ವ ಆಫ್ರಿಕಾ ಬಿಟ್ಟು ಬಂದ ಗುಜರಾತಿಗಳು ಅಲ್ಲಿ ನೆಲೆ ಕಂಡುಕೊಂಡಿದ್ದರು. 1970ರ ದಶಕದ ಮರಣ ದಾಖಲೆಗಳನ್ನು ಹುಟ್ಟಿದ ದೇಶದ ಪ್ರಕಾರ ವಿಂಗಡಿಸಿ ಮೈಕಲ್ ಮಾರ್ಮಟ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದರು. ಭಾರತ ಉಪಖಂಡದಲ್ಲಿ ಹುಟ್ಟಿದವರು ಹೃದ್ರೋಗದಿಂದ ಸಾಯುವ ಪ್ರಮಾಣ ಅಲ್ಲಿನ ಸರಾಸರಿಗಿಂತ ಹೆಚ್ಚಾಗಿತ್ತು.

ತುಪ್ಪ, ಕರಿದ ತಿಂಡಿ ಎಂಬ ಉತ್ತರ ಸುಲಭವಾಗಿ ಕೈಗೆ ಸಿಗುವಂಥದ್ದು. ಆದರೆ ಅದರಿಂದ ಲೆಕ್ಕ ಕೂಡುವುದಿಲ್ಲ. ಗುಜರಾತಿ ಹಿಂದೂಗಳಲ್ಲಿ ಬಹಳ ಮಂದಿ ಸಸ್ಯಾಹಾರಿಗಳು. ಸಿಖ್ಖರು ಸಿಗರೇಟು ಮುಟ್ಟುವುದು ಅಪರೂಪ. ಬಾಂಗ್ಲಾದೇಶಿ ಗಂಡಸರಲ್ಲಿ ಬೀಡಿ ಸಿಗರೇಟು ಹೆಚ್ಚು, ಮದ್ಯ ಕಡಿಮೆ. ಊಟ, ದೇವರು, ಚಟ ಎಲ್ಲ ಬೇರೆ ಬೇರೆ. ಕಾಯಿಲೆ ಮಾತ್ರ ಒಂದೇ. ಪಾಲ್ ಮೆಕೀಗ್ ಈ ಗಂಟನ್ನು ಬಿಡಿಸಲು ಹೊರಟರು. ಲಂಡನ್ನಿನಲ್ಲಿದ್ದ ದಕ್ಷಿಣ ಏಷ್ಯಾ ಮತ್ತು ಯುರೋಪ್ ಮೂಲದ, 40ರಿಂದ 69 ವಯಸ್ಸಿನ 3,193 ಗಂಡಸರು ಮತ್ತು 561 ಹೆಂಗಸರನ್ನು ತಪಾಸಣೆ ಮಾಡಿದ ವರದಿ 1991ರಲ್ಲಿ ಬಂತು. ಮಧುಮೇಹ ಒಂದು ಗುಂಪಿನಲ್ಲಿ ನೂರಕ್ಕೆ 19 ಮಂದಿಗೆ, ಇನ್ನೊಂದರಲ್ಲಿ 4 ಮಂದಿಗೆ. ದಕ್ಷಿಣ ಏಷ್ಯಾದವರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಸೇರಿಕೊಳ್ಳುತ್ತಿತ್ತು, ಇನ್ಸುಲಿನ್ ತನ್ನ ಕೆಲಸ ಸರಿಯಾಗಿ ಮಾಡುತ್ತಿರಲಿಲ್ಲ. ತಕ್ಕಡಿ ಹೇಳದ್ದನ್ನು ಅಳತೆಪಟ್ಟಿ ಹೇಳಿತ್ತು.

ಆದರೆ ವೈದ್ಯರ ಕೈಯಲ್ಲಿದ್ದ ಅಳತೆಗೋಲು ಬೇರೆಯದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಶುರುವಾದ ಅಧ್ಯಯನಕ್ಕೆ ಸೇರಿದ 5,209 ಮಂದಿ ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಮುಂದಿನ ಹತ್ತು ವರ್ಷಗಳಲ್ಲಿ ಹೃದ್ರೋಗ ಬರುವ ಸಂಭವವನ್ನು ಲೆಕ್ಕ ಹಾಕುವ ಸೂತ್ರ ಅವರ ಮೈಗಳಿಂದ ಹುಟ್ಟಿತು, ಮತ್ತು ಬೇರೆಯವರ ಮೈಗಳಿಗೂ ಅನ್ವಯವಾಯಿತು. ‘ದಕ್ಷಿಣ ಏಷ್ಯಾದವರು’ ಎಂಬ ಪದವೂ ಒಂದು ದೊಡ್ಡ ಚೀಲ. ರಾಜ್ ಭೋಪಾಲ್ ಮತ್ತು ಸಂಗಡಿಗರು ನ್ಯೂಕ್ಯಾಸಲ್‌ನಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನ ಆ ಚೀಲ ಬಿಚ್ಚಿ ಭಾರತೀಯರು, ಪಾಕಿಸ್ತಾನಿಗಳು, ಬಾಂಗ್ಲಾದೇಶಿಗಳನ್ನು ಬೇರೆ ಬೇರೆಯಾಗಿ ನೋಡಿತು. ಮೂವರೂ ಒಂದೇ ಅಲ್ಲ ಎಂದು ಕಂಡಿತು. 2008ರಲ್ಲಿ ಬ್ರಿಟನ್ನಿನ ಹೊಸ ಸೂತ್ರ ಕ್ಯುರಿಸ್ಕ್-2 ಬಂದಾಗ ಈ ಮೂವರಿಗೂ ಪ್ರತ್ಯೇಕ ಜಾಗ ಸಿಕ್ಕಿತು. ಆದರೆ ಅದರ ಮೊದಲ ಸಾಲು ಹೀಗಿತ್ತು: ಬಿಳಿಯರು, ಅಥವಾ ಜನಾಂಗ ನಮೂದಿಸದವರು. ಕಾಲಂ ಖಾಲಿ ಬಿಟ್ಟ ಸೌತಾಲ್‌ನ ಮುದುಕನೂ ಆ ಲೆಕ್ಕದಲ್ಲಿ ಬಿಳಿಯನೇ. ಅವನ ಅಪಾಯ ಅಷ್ಟರಮಟ್ಟಿಗೆ ಕಡಿಮೆಯಾಗಿ ಕಾಣುತ್ತಿತ್ತು.

ಹಾಗೆಂದು ರಕ್ತದಲ್ಲೇ ಬರೆದ ಹಣೆಬರಹ ಇದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ಅವರ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಹೊರಬಂತು. ಧೂಮಪಾನ, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು ಮುಂತಾದ ಒಂಬತ್ತು ಕಾರಣಗಳು ಎಲ್ಲ ಕಡೆಯೂ ಹೃದಯಾಘಾತದ ಅಪಾಯದ ಬಹುಪಾಲನ್ನು ವಿವರಿಸುತ್ತವೆ ಎಂದು ಅದು ತೋರಿಸಿತು. ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದಲ್ಲಿ 53, ಉಳಿದೆಡೆ 58.8 ಎಂದು 2007ರಲ್ಲಿ ಅದರದೇ ಇನ್ನೊಂದು ವರದಿ ಹೇಳಿತು. ಅದೇ ಕಾರಣಗಳು ಇಲ್ಲಿ ಎಳೆಯ ವಯಸ್ಸಿಗೇ ಬಂದು ಸೇರುತ್ತವೆ, ಅಷ್ಟೆ. ತಡೆಯಲು ಬರುವಂಥವು ಅವು.

ತಡೆಯಬೇಕಾದರೆ ರೋಗಿ ವೈದ್ಯರ ಬಳಿ ಬಾಯಿ ಬಿಡಬೇಕು, ವೈದ್ಯರು ಕಿವಿಗೊಡಬೇಕು. ಅಲ್ಲಿಯೂ ಇಂಥದೇ ತಕರಾರು. ಇಂಗ್ಲೆಂಡಿನಲ್ಲಿ ರೋಗಿಗಳ ತೃಪ್ತಿಯನ್ನು ಅಳೆಯುವ ಸಮೀಕ್ಷೆಗಳಲ್ಲಿ ದಕ್ಷಿಣ ಏಷ್ಯಾ ಮೂಲದವರು ವೈದ್ಯರಿಗೆ ಬಿಳಿಯರಿಗಿಂತ ಕಡಿಮೆ ಅಂಕ ಕೊಡುತ್ತ ಬಂದರು. ಇವರ ನಿರೀಕ್ಷೆ ಹೆಚ್ಚೋ, ಅಂಕ ಕೊಡುವ ರೀತಿ ಬೇರೆಯೋ ಎಂಬ ಚರ್ಚೆ ನಡೆಯಿತು. ತೊಂದರೆ ಆರೈಕೆಯಲ್ಲಿಯೋ, ಅಂಕ ಕೊಡುವವರಲ್ಲಿಯೋ? 2016ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಸರಳವಾಗಿ ಪರೀಕ್ಷಿಸಿತು. ವೈದ್ಯರು ರೋಗಿಗಳನ್ನು ನೋಡುವ ದೃಶ್ಯಗಳನ್ನು ನಟರಿಂದ ಮಾಡಿಸಿ, ಚಿತ್ರೀಕರಿಸಿ, ಅವೇ ದೃಶ್ಯಗಳನ್ನು ಬಿಳಿಯ ಬ್ರಿಟಿಷರಿಗೂ ಪಾಕಿಸ್ತಾನ ಮೂಲದವರಿಗೂ ತೋರಿಸಿ ಅಂಕ ಕೇಳಿದರು. ಪಾಕಿಸ್ತಾನ ಮೂಲದವರೇ ಹೆಚ್ಚು ಅಂಕ ಕೊಟ್ಟರು.

ಧಾರಾಳವಾಗಿ ಅಂಕ ಕೊಡುವವರು ತಮ್ಮ ಸ್ವಂತ ವೈದ್ಯರಿಗೆ ಕಡಿಮೆ ಅಂಕ ಕೊಟ್ಟಿದ್ದಾರೆ ಎಂದರೆ, ಅವರಿಗೆ ಸಿಕ್ಕ ಆರೈಕೆಯೇ ಕಡಿಮೆಯದಾಗಿರಬೇಕು. ಅವರು ತುಂಬಿಕೊಟ್ಟ ಕಾಗದದಲ್ಲಿ ಆ ಮಾತು ಮೊದಲಿನಿಂದಲೂ ಇತ್ತು. ಅದನ್ನು ಬರೆದವರ ಗುಣವೆಂದು ಓದದೆ, ಬರೆದ ವಿಷಯವೆಂದೇ ಓದಿಕೊಳ್ಳಲು ಒಂದು ಪ್ರಯೋಗ ಬೇಕಾಯಿತು.